ವಠಾರದ ಬಾಗಿಲಲ್ಲಿ ಕೆಂಪು ಮುಖವಾಡ

ಮೊದಲ ಸಲ ಆ ಫೋಟೊ ನೋಡಿದಾಗ ನಕ್ಕುಬಿಟ್ಟೆ. ಮೈಗಂಟಿದ ಕೆಂಪು ಉಡುಪು, ಅದರ ಮೇಲೆ ಹಳದಿ ಚಡ್ಡಿ, ಹೆಗಲಿಂದ ಇಳಿಬಿದ್ದ ಹಳದಿ ಬಟ್ಟೆ, ಮುಖ ಮುಚ್ಚಿದ ಮುಖವಾಡ. ಎದೆಯ ಮೇಲೆ ‘ಎಸ್‌ಬಿ’ ಅಂತ ಎರಡಕ್ಷರ. ಅದರ ಕೆಳಗೆ, ಯಾವ ಸಂಕೋಚವೂ ಇಲ್ಲದ ದುಂಡು ಹೊಟ್ಟೆ! ಜಾತ್ರೆಯಲ್ಲಿ ವೇಷ ಹಾಕಿದವನಿರಬೇಕು ಅಂದುಕೊಂಡೆ. ಅಲ್ಲವೇ ಅಲ್ಲ. ಈತ ಮೆಕ್ಸಿಕೊ ನಗರದ ಬಡ ಬಾಡಿಗೆದಾರರ ಕಾವಲುಗಾರ, ಸೂಪರ್‌ಬಾರ್ರಿಯೊ. ‘ಬಾರ್ರಿಯೊ’ ಎಂದರೆ ಕೇರಿ. ಅಮೆರಿಕಕ್ಕೆ ಸೂಪರ್‌ಮ್ಯಾನ್, ಇವರಿಗೆ ಸೂಪರ್‌ಕೇರಿ!

ಈ ವೇಷ ಹುಟ್ಟಿದ್ದು ಅವಶೇಷಗಳ ನಡುವೆ. 1985ರ ಸೆಪ್ಟೆಂಬರ್ 19, ಬೆಳಿಗ್ಗೆ ಏಳು ಗಂಟೆ ದಾಟಿತ್ತಷ್ಟೆ, ಭೂಮಿ ನಡುಗಿತು. ಸಾವಿರಾರು ಜನ ಸತ್ತರು, ಉಳಿದವರಲ್ಲಿ ಎಷ್ಟೋ ಮಂದಿಗೆ ಸೂರೇ ಇರಲಿಲ್ಲ. ಊರ ನಡುವಿನ ಹಳೆಯ ‘ವೆಸಿಂದಾದ್’ಗಳಲ್ಲಿ ಬಡವರು ತಲೆಮಾರಿನಿಂದ ಕಡಿಮೆ ಬಾಡಿಗೆಗೆ ಬದುಕಿದ್ದರು. ವೆಸಿಂದಾದ್ ಅಂದರೆ ಏನೆಂದು ನಮಗೆ ಯಾರೂ ವಿವರಿಸಬೇಕಿಲ್ಲ: ಒಂದೇ ಅಂಗಳ, ಸುತ್ತ ಸಾಲುಕೋಣೆ, ಎಲ್ಲರಿಗೂ ಸೇರಿ ಒಂದೇ ನಲ್ಲಿ. ಅಪ್ಪಟ ವಠಾರ! ಭೂಕಂಪವಾದ ಮೇಲೆ ಆ ಜಾಗದ ಮೇಲೆ ಮಾಲೀಕರ ಕಣ್ಣು ಬಿತ್ತು. ಕೋರ್ಟಿನ ಆದೇಶ ಹಿಡಿದು ಆಳುಗಳು ಬರುತ್ತಿದ್ದರು. ಮಂಚ, ಒಲೆ, ಪಾತ್ರೆ ಎಲ್ಲ ಬೀದಿಗೆ.

1987ರಲ್ಲಿ ಬಾಡಿಗೆದಾರರು ಒಟ್ಟಾಗಿ ‘ಅಸಾಂಬ್ಲೆಯಾ ದೆ ಬಾರ್ರಿಯೊಸ್’, ಅಂದರೆ ಕೇರಿಗಳ ಸಭೆ ಕಟ್ಟಿದರು. ಅದೇ ವರ್ಷ ಆ ಕೆಂಪು ಮುಖವಾಡ ಬೀದಿಗಿಳಿಯಿತು. ಅದು ಬಂದ ಕಥೆಯನ್ನು ಸೂಪರ್‌ಬಾರ್ರಿಯೊನೇ ಹೇಳಿಕೊಂಡಿದ್ದಾನೆ. ಕೇಳಿ! ಆತ ಬೀದಿ ವ್ಯಾಪಾರಿ. ಒಂದು ಬೆಳಿಗ್ಗೆ ಕೋಣೆಯ ತುಂಬ ಕೆಂಪು-ಹಳದಿ ಬೆಳಕು ತುಂಬಿತಂತೆ. ಬೆಳಕು ಕರಗಿದಾಗ ಮೈಮೇಲೆ ಈ ಉಡುಪು. ನೀನೇ ಬಡ ಬಾಡಿಗೆದಾರರ ರಕ್ಷಕ ಎಂದು ಒಂದು ದನಿ ನುಡಿಯಿತಂತೆ. ಪುರಾಣವೆನ್ನಿ, ತಮಾಷೆಯೆನ್ನಿ, ಜನ ಅದನ್ನು ಎದೆಗೆ ಅಪ್ಪಿಕೊಂಡರು.

ಯಾಕೆ ಅಪ್ಪಿಕೊಂಡರು? ಮೆಕ್ಸಿಕೊದಲ್ಲಿ ಮುಖವಾಡಕ್ಕಿರುವ ಮರ್ಯಾದೆಯೇ ಬೇರೆ. ಅಲ್ಲಿನ ‘ಲುಚಾ ಲಿಬ್ರೆ’ ಕುಸ್ತಿಯಲ್ಲಿ ಪೈಲ್ವಾನನ ಮುಖವಾಡ ಕಿತ್ತರೆ ಮಾನವನ್ನೇ ಕಿತ್ತಂತೆ. ಬೆಳ್ಳಿ ಮುಖವಾಡದ ಎಲ್ ಸಾಂತೊ ಎಂಬ ಪೈಲ್ವಾನ 1984ರಲ್ಲಿ ತೀರಿಕೊಂಡಾಗ ಮುಖವಾಡದೊಂದಿಗೇ ಮಣ್ಣಾದ! ಅಂಥ ನಾಡಿನಲ್ಲಿ ಕುಸ್ತಿ ವೇಷದವನೊಬ್ಬ ವಠಾರದ ಬಾಗಿಲಿಗೆ ಅಡ್ಡ ನಿಂತರೆ ಏನಾಗಬೇಡ? ಆತ ಯಾರಿಗೂ ಗುದ್ದಲಿಲ್ಲ. ಅವನ ಬೆನ್ನಿಗೆ ಇಡೀ ಕೇರಿ ಬಂದು ನಿಂತಿತು. ಒಕ್ಕಲೆಬ್ಬಿಸಲು ಬಂದವರನ್ನು ಜನ ತಡೆದರು. ಬೀದಿಯಲ್ಲೇ ಅಖಾಡ ಹೂಡಿ, ಮನೆಮಾಲೀಕನ ಸೋಗಿನ ಖಳನ ಜೊತೆ ಕುಸ್ತಿಯನ್ನೂ ಆಡಿಸಿದರು. 1996ರಲ್ಲಂತೂ ಆತ ಅಮೆರಿಕದ ಅಧ್ಯಕ್ಷಗಿರಿಗೇ ಅಣಕು ಪ್ರಚಾರ ಹೊರಟ!

ಈಗ ಅಮೆರಿಕದ ಸಿಯಾಟಲ್‌ಗೆ ಬನ್ನಿ. ಅಲ್ಲಿ ಫೀನಿಕ್ಸ್ ಜೋನ್ಸ್ ಎಂಬ ಮುಖವಾಡದವನು, ಮಿಶ್ರ ಸಮರಕಲೆಯಲ್ಲಿ ಪಳಗಿದ ಮೈಕಟ್ಟಿನವನು, ಗುಂಡು ತಡೆಯುವ ಕವಚ ತೊಟ್ಟು ರಾತ್ರಿಗಸ್ತು ತಿರುಗುತ್ತಿದ್ದ. ಸಂಗಡ ಸಂಗಾತಿಗಳ ತಂಡವೂ ಇತ್ತು. ಕಾಮಿಕ್ಸ್ ಪುಟವೇ ಜೀವ ತಳೆದಂತೆ! 2011ರ ಅಕ್ಟೋಬರ್‌ನಲ್ಲಿ ಜಗಳ ಬಿಡಿಸುವೆನೆಂದು ಬೀದಿಯ ಗುಂಪಿನ ಮೇಲೆ ಖಾರದ ಸ್ಪ್ರೇ ಎರಚಿದ. ಪೊಲೀಸರು ಹಿಡಿದರು, ಕೋರ್ಟಿನಲ್ಲಿ ಮುಖವಾಡ ಕಳಚಬೇಕಾಯಿತು. ಮೊಕದ್ದಮೆ ಮುಂದುವರಿಯಲಿಲ್ಲ, ನಿಜ. ಆದರೆ ಮುಖವಾಡದಡಿ ಕಂಡದ್ದು ಒಬ್ಬನೇ ಒಬ್ಬ ಯುವಕ. ತಂಡವಿದ್ದರೂ, ಅಪರಾಧಿ ಯಾರು, ಹೊಡೆತ ಯಾರಿಗೆ ಎಂದು ಅವನೊಬ್ಬನೇ ಕತ್ತಲಲ್ಲಿ ತೀರ್ಮಾನಿಸಬೇಕಿತ್ತು. ಎಡವಿದರೆ ಹಿಡಿದುಕೊಳ್ಳಲು ಹಿಂದೆ ಕೇರಿ ಇರಲಿಲ್ಲ.

ಟೋಕಿಯೊದ ಹಸಿರು ಉಡುಪಿನವನೊಬ್ಬನಿಗೆ ಈ ತಾಪತ್ರಯವೇ ಇರಲಿಲ್ಲ. 2013ರ ಸುಮಾರಿಗೆ, ಆಗ ಲಿಫ್ಟ್ ಇಲ್ಲದಿದ್ದ ಹೋನಾಂಚೊ ಮೆಟ್ರೊ ನಿಲ್ದಾಣದಲ್ಲಿ ಆತ ತಾಯಂದಿರ ಕೂಸುಗಾಡಿಗಳನ್ನು ಮೆಟ್ಟಿಲು ಹತ್ತಿಸುತ್ತಿದ್ದ. ಅವನ ಶತ್ರು ಯಾರು ಗೊತ್ತೆ? ಆ ಮೆಟ್ಟಿಲು!

ಹಾಗೆ ನೋಡಿದರೆ ನಮ್ಮ ಬೆಂಗಳೂರೂ ಹಿಂದೆ ಬಿದ್ದಿಲ್ಲ. 2019ರ ಸೆಪ್ಟೆಂಬರ್, ಚಂದ್ರಯಾನ-2 ಇಳಿಯುವುದನ್ನು ದೇಶವೇ ಉಸಿರು ಬಿಗಿಹಿಡಿದು ಕಾಯುತ್ತಿದ್ದ ವಾರ. ಕಲಾವಿದ ಬಾದಲ್ ನಂಜುಂಡಸ್ವಾಮಿ ಒಂದು ವಿಡಿಯೊ ಹರಿಬಿಟ್ಟರು. ಬೆಳ್ಳಿಬಣ್ಣದ ಉಡುಪಿನ ಗಗನಯಾತ್ರಿ ಕುಳಿಗಳ ನಡುವೆ ತೇಲಿದಂತೆ ಹೆಜ್ಜೆಯಿಡುತ್ತಾನೆ. ಆಹಾ, ಚಂದ್ರ! ಅಷ್ಟರಲ್ಲಿ ಪಕ್ಕದಲ್ಲೇ ಒಂದು ಆಟೊ ಬುರ್ರನೆ ಹೋಗುತ್ತದೆ. ಅದು ಹೇರೋಹಳ್ಳಿಯ ರಸ್ತೆ! ಅಲ್ಲಿನ ಗುಂಡಿಗಳ ಕಡೆ ಆ ಒಂದು ವೇಷ ಊರನ್ನೆಲ್ಲ ತಿರುಗಿಸಿತು, ಬೆನ್ನಿಗೇ ದುರಸ್ತಿಯೂ ಶುರುವಾಯಿತು.

ನಾಟಕದಲ್ಲಿ ವೇಷ ಕಟ್ಟಿದವನ ಮನೆಹೆಸರನ್ನು ಯಾರೂ ಕೇಳುವುದಿಲ್ಲ, ಅಲ್ಲವೇ? ಸೂಪರ್‌ಬಾರ್ರಿಯೊನ ಗುಟ್ಟೂ ಇದೇ. ಆ ಉಡುಪನ್ನು ಒಬ್ಬನಲ್ಲ, ಹಲವರು ತೊಟ್ಟಿದ್ದರೆಂಬ ಮಾತು ಮೊದಲಿನಿಂದಲೂ ಇದೆ. ಸಿಯಾಟಲ್‌ನಲ್ಲಿ ಮುಖವಾಡ ಕಳಚಿದಾಗ ಒಂದು ಮುಖ ಸಿಕ್ಕಿತು. ಮೆಕ್ಸಿಕೊದಲ್ಲಿ ಕಳಚಿದ್ದರೆ? ವಠಾರದ ಯಾವ ಕೋಣೆಯವನೂ ಇರಬಹುದಿತ್ತು, ಆ ದುಂಡು ಹೊಟ್ಟೆಯ ಸಮೇತ.