ತಲಕಾಡಿನ ಮರಳು, ಮಾಲಂಗಿಯ ಮಡು

ತಲಕಾಡು ಮರಳಾದುದೂ ಮಾಲಂಗಿ ಮಡುವಾದುದೂ ಅಲಮೇಲಮ್ಮನ ಶಾಪದಿಂದ ಎಂಬ ಐತಿಹ್ಯವನ್ನು ಅರಿಯದ ಕನ್ನಡಿಗರು ವಿರಳ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಸಂದರ್ಭಕ್ಕೆ ಈ ಕಥೆಯು ಸೇರಿದುದು. ಇದನ್ನು ಕಟ್ಟುಕಥೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಹಾಗೆ ತಳ್ಳುವವರು ಒಂದಂಶವನ್ನು ಗಮನಿಸದೆ ಹೋಗುವರು. ಕಥೆಯು ಮರಳನ್ನೂ ಮಡುವನ್ನೂ ಜೊತೆಯಾಗಿ ಹೇಳುವುದು. ನದಿಯೂ ಅವೆರಡನ್ನು ಒಂದೇ ಕ್ರಿಯೆಯಿಂದ ಉಂಟುಮಾಡುವುದು. (ಅರಸುಮನೆತನದ ಸಂತಾನಕ್ಕೆ ಸಂಬಂಧಿಸಿದ ಮೂರನೆಯ ಶಾಪವು ಭೂವಿಜ್ಞಾನದ ಎಲ್ಲೆಗೆ ಹೊರಗಿನದು.)

ಕಾವೇರಿಯ ಮರಳು ಹುಟ್ಟುವುದು ಶಿಲೆಯಿಂದ. ಅದರ ಜಲಾನಯನದಲ್ಲಿ ಹರಡಿರುವ ಕಣಶಿಲೆ, ಪಟ್ಟೆಶಿಲೆಗಳ ಮೇಲೆ ಮಳೆನೀರೂ ಮಣ್ಣಿನ ಆಮ್ಲಗಳೂ ಕೆಲಸಮಾಡಲು, ಅವುಗಳಲ್ಲಿನ ಫೆಲ್ಸ್‌ಪಾರ್ ಕ್ರಮೇಣ ಜೇಡಿಯಾಗುವುದು. ಸುಣ್ಣ, ಸೋಡಾ ಮೊದಲಾದ ಅಂಶಗಳು ಕರಗಿ ನೀರಿನೊಡನೆ ಹೊರಟುಹೋಗುವುವು. ಬೆಣಚುಕಲ್ಲು ಮಾತ್ರ ಸುಲಭವಾಗಿ ಕರಗದು, ಒಡೆಯದು. ಅದೇ ಮರಳಾಗಿ ಉಳಿಯುವುದು. ಜೇಡಿಯು ನೀರಿನಲ್ಲಿ ತೇಲುತ್ತ ಬಹುದೂರ ಸಾಗುವುದು. ಮರಳಾದರೋ ಬಹುಮಟ್ಟಿಗೆ ತಳವನ್ನು ಹಿಡಿದು ಉರುಳುತ್ತಲೂ ಕುಪ್ಪಳಿಸುತ್ತಲೂ ಹೋಗುವುದು. ನೀರಿನ ವೇಗವು ಇಮ್ಮಡಿಯಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕವು ಸುಮಾರು 64 ಪಟ್ಟು ಹೆಚ್ಚುವುದೆಂದು ಗಣಿತವು ತೋರಿಸುವುದು. ಆದುದರಿಂದಲೇ ವರ್ಷದ ಸಾಗಣೆಯಲ್ಲಿ ಬಹುಪಾಲು ಮುಂಗಾರಿನ ಕೆಲವೇ ಪ್ರವಾಹದ ದಿನಗಳಲ್ಲಿ ನಡೆದುಹೋಗುವುದು.

ತಿರುಮಕೂಡಲು ನರಸೀಪುರದಲ್ಲಿ ಕಪಿಲೆಯನ್ನು ಕೂಡಿಕೊಂಡ ಕಾವೇರಿಯು ಪೂರ್ವಕ್ಕೆ ಹರಿದು, ತಲಕಾಡಿನ ಬಳಿ ಈಶಾನ್ಯದ ಕಡೆಗೆ ತಿರುಗುವುದು. ತಿರುವಿನಲ್ಲಿ ನೀರು ಹೊರದಡದ ಕಡೆಗೆ ಒತ್ತರಿಸಿ, ಅಲ್ಲಿ ತುಸು ಎತ್ತರವಾಗಿ, ತಳದ ಮಾರ್ಗವಾಗಿ ಒಳದಡಕ್ಕೆ ಹಿಂದಿರುಗುವುದು. ಹೀಗೆ ಸುರುಳಿಯಾಗಿ ಸಾಗುವ ನೀರು ಹೊರದಡದ ಬುಡವನ್ನು ಕೊರೆದು ಆಳಮಾಡುವುದು; ತಳದ ಮರಳನ್ನು ಒಯ್ದು, ವೇಗವು ಕುಂದಿದ ಒಳದಡದಲ್ಲಿ ಇಳಿಸುವುದು. ತಲಕಾಡು ಇರುವುದು ಒಳದಡದಲ್ಲಿ. ಮಾಲಂಗಿಯು ಅದರ ಎದುರು ದಡದಲ್ಲಿ.

ಆದರೂ ನದಿಯು ತನ್ನ ನೆರೆಯ ಮಟ್ಟಕ್ಕಿಂತ ಮೇಲೆ ಮರಳನ್ನು ಎತ್ತಲಾರದು. ದೇವಾಲಯಗಳನ್ನು ಮುಚ್ಚಿದ ದಿಬ್ಬಗಳು ಗಾಳಿಯ ಕೆಲಸ. ಬೇಸಗೆಯಲ್ಲಿ ಬತ್ತಿದ ಪಾತ್ರದ ಒಣಮರಳನ್ನು ನೈರುತ್ಯದ ಗಾಳಿಯು ಊರಿನ ಕಡೆಗೆ ನೂಕುವುದು.

ಇಲ್ಲಿ ನಿಜವಾದ ತೊಡಕೊಂದುಂಟು. ತಲಕಾಡು ಗಂಗರ ರಾಜಧಾನಿಯಾಗಿತ್ತು. ಚೋಳರ ಕೈಸೇರಿದ ಅದನ್ನು ವಿಷ್ಣುವರ್ಧನನು ಗೆದ್ದು, 1117ರಲ್ಲಿ ಕೀರ್ತಿನಾರಾಯಣ ದೇವಾಲಯವನ್ನು ಕಟ್ಟಿಸಿದನು. ಶತಮಾನಗಳ ಕಾಲ ವೈಭವದಿಂದಿದ್ದ ಪಟ್ಟಣವು ಅನಂತರ ಮರಳಿಗೆ ತುತ್ತಾದುದೇಕೆ? ವಿಜಯನಗರದ ಕಾಲದಲ್ಲಿ ಮೇಲ್ಗಡೆ ಕಟ್ಟಿದ ಮಾಧವಮಂತ್ರಿ ಕಟ್ಟೆಯನ್ನು ಕೆಲವರು ಕಾರಣವಾಗಿ ಹೇಳುವರು: ನೀರು ಕಾಲುವೆಗೆ ತಿರುಗಿ ಪಾತ್ರವು ಬರಿದಾಯಿತು, ಬರಿದಾದ ಮರಳು ಗಾಳಿಗೆ ಸಿಕ್ಕಿತು ಎಂಬುದು ಅವರ ವಾದ. ಇದು ಸಂಭಾವ್ಯವೇ ಸರಿ. ಆದರೆ ದಡದ ಮರಗಿಡಗಳ ನಾಶವೂ ಇಂಥದೇ ಫಲವನ್ನು ಕೊಡಬಲ್ಲುದಾದ್ದರಿಂದ, ಭಾರವೆಲ್ಲವನ್ನೂ ಕಟ್ಟೆಯೊಂದರ ಮೇಲೆಯೇ ಹೊರಿಸುವುದು ಯುಕ್ತವೆನಿಸದು. ಹಾಗೆಯೇ, ಮರಳು 1610ಕ್ಕೆ ಮೊದಲೇ ಏರತೊಡಗಿದ್ದರೆ ಶಾಪವು ಕಾರಣವಲ್ಲ, ಕಣ್ಣೆದುರಿನ ವಿಪತ್ತಿಗೆ ಜನರು ಕೊಟ್ಟ ವಿವರಣೆ ಎಂದಾಗುವುದು. ಮರಳಿನ ಕಣವು ಕೊನೆಯದಾಗಿ ಬಿಸಿಲು ಕಂಡು ಎಷ್ಟು ಕಾಲವಾಯಿತೆಂಬುದನ್ನು ಅಳೆಯುವ ವಿಧಾನವು ಈಗ ಲಭ್ಯವಿದೆ. 2020ರ ಪಂಚಲಿಂಗ ದರ್ಶನಕ್ಕೂ ಗುಡಿಗಳ ಸುತ್ತಲಿನ ಮರಳನ್ನು ತೆಗೆಯಬೇಕಾಯಿತು. ಕಾಲವನ್ನು ನಿರ್ಣಯಿಸಬಲ್ಲ ಸಾಕ್ಷ್ಯವಾದರೋ ಹಾಗೆ ಕದಡದೆ ಉಳಿದ, ದಿಬ್ಬಗಳ ಅಡಿಯ ಪದರಗಳಲ್ಲಿರುವುದು.