ಹಡಗು ಏಕೆ ಕಾಯುವುದಿಲ್ಲ?

ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ, ಮಂಗಳೂರಿನ ಪಣಂಬೂರು ದಂಡೆಯಲ್ಲಿ ಮುಂಜಾನೆ ನಿಂತವರಿಗೆ ಒಮ್ಮೊಮ್ಮೆ ಅಪೂರ್ವ ದೃಶ್ಯವೊಂದು ಕಾಣಸಿಗುತ್ತದೆ. ಅಂತಸ್ತಿನ ಮೇಲೆ ಅಂತಸ್ತು ಏರಿಸಿಕೊಂಡ ಬಿಳಿಯ ಮಹಲೊಂದು ದಿಗಂತದಿಂದ ಮೆಲ್ಲನೆ ತೇಲಿ ಬಂದು ಬಂದರನ್ನು ಹೊಗುತ್ತದೆ. ಅದರಿಂದ ನೂರಾರು ಪ್ರವಾಸಿಗರು ಇಳಿದು ಊರು ನೋಡಲು ಹೊರಡುತ್ತಾರೆ. ಸಂಜೆಯಾಗುತ್ತಲೇ ಆ ಮಹಲು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಒಬ್ಬ ಪ್ರಯಾಣಿಕ ಹತ್ತು ನಿಮಿಷ ತಡವಾಗಿ ಬಂದರೂ ಅವನಿಗಾಗಿ ಹಡಗು ನಿಲ್ಲುವುದು ವಿರಳ. ಸಾವಿರಾರು ರೂಪಾಯಿ ತೆತ್ತು ಬಂದವನನ್ನು ದಡದಲ್ಲೇ ಬಿಟ್ಟುಹೋಗುವ ಈ ನಿಷ್ಠುರತೆ ಏಕೆ? ಇದರ ಉತ್ತರವನ್ನು ಅರಸುತ್ತ ಹೋದರೆ ವಿಹಾರಯಾನದ ವಿಜ್ಞಾನವೆಲ್ಲ ನಮ್ಮ ಮುಂದೆ ತೆರೆದುಕೊಳ್ಳುತ್ತದೆ.

ವಿಹಾರಯಾನದ ಹುಟ್ಟು

ಹಡಗಿನ ಪ್ರಯಾಣವೆಂದರೆ ಹಿಂದಿನವರಿಗೆ ವಿನೋದವಾಗಿರಲಿಲ್ಲ. ಅದೊಂದು ಅನಿವಾರ್ಯ ಕಷ್ಟವಾಗಿತ್ತು. ಜರ್ಮನಿಯ ಹ್ಯಾಂಬರ್ಗಿನ ಹಡಗು ಉದ್ಯಮಿ ಆಲ್ಬರ್ಟ್ ಬಾಲಿನ್ ಎಂಬಾತ ಒಂದು ಸಂಗತಿಯನ್ನು ಗಮನಿಸಿದನು. ಚಳಿಗಾಲದಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟುವವರ ಸಂಖ್ಯೆ ಇಳಿದು ದೊಡ್ಡ ಹಡಗುಗಳು ಬರಿದೆ ನಿಲ್ಲುತ್ತಿದ್ದವು. ಅವನು 1891ರ ಜನವರಿಯಲ್ಲಿ 'ಆಗಸ್ಟಾ ವಿಕ್ಟೋರಿಯಾ' ಎಂಬ ಹಡಗನ್ನು ಬೆಚ್ಚನೆಯ ಮೆಡಿಟರೇನಿಯನ್ ಸಮುದ್ರಕ್ಕೆ ಕೇವಲ ವಿಹಾರಕ್ಕಾಗಿ ಕಳುಹಿಸಿದನು. ಊರು ಸೇರುವುದಲ್ಲ, ತಿರುಗಾಡಿ ಬರುವುದೇ ಆ ಪ್ರಯಾಣದ ಗುರಿಯಾಗಿತ್ತು. 1958ರಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕ್ಕನ್ನು ದಾಟಲಾರಂಭಿಸಿದ ಮೇಲೆ ಸಾಗಣೆಯ ಕೆಲಸ ಆಕಾಶಕ್ಕೆ ಹೋಯಿತು. ವಿಹಾರವು ಹಡಗಿನ ಪಾಲಿಗೆ ಉಳಿಯಿತು.

2024ರಲ್ಲಿ ಯಾನ ಆರಂಭಿಸಿದ 'ಐಕಾನ್ ಆಫ್ ದಿ ಸೀಸ್' ಹಡಗಿನ ಉದ್ದ ಸುಮಾರು 365 ಮೀಟರು. ಅದರ 'ಗ್ರಾಸ್ ಟನ್ನೇಜ್' ಸುಮಾರು 2,48,000. ಈ ಸಂಖ್ಯೆಯನ್ನು ಕಂಡು ಹಡಗು ಅಷ್ಟು ಟನ್ನು ತೂಗುತ್ತದೆಂದು ಭ್ರಮಿಸಬಾರದು. ಅದು ತೂಕದ ಅಳತೆಯಲ್ಲ, ಹಡಗಿನ ಒಳಗಿನ ಸ್ಥಳದ ಗಾತ್ರವನ್ನು ಸೂಚಿಸುವ ಅಂಕೆ.

ಇಷ್ಟು ಎತ್ತರದ ಕಟ್ಟಡ ಮಗುಚಿ ಬೀಳದಿರುವುದು ಹೇಗೆ? ತಂಜಾವೂರಿನ ತಲೆಯಾಡಿಸುವ ಬೊಂಬೆಯನ್ನು ನೆನೆಯೋಣ. ಅದರ ಬುಡ ಭಾರ, ಮೇಲ್ಭಾಗ ಹಗುರ. ಎಷ್ಟು ಓಲಿಸಿದರೂ ಎದ್ದು ನಿಲ್ಲುತ್ತದೆ. ಹಡಗಿನಲ್ಲಿಯೂ ಎಂಜಿನ್ನು, ಇಂಧನ, ನೀರಿನ ತೊಟ್ಟಿ ಮೊದಲಾದ ಭಾರಗಳೆಲ್ಲ ತಳದಲ್ಲಿವೆ. ಮೇಲಿನ ಅಂತಸ್ತುಗಳನ್ನು ತೆಳುವಾದ, ಹಗುರವಾದ ಲೋಹದಿಂದ ಕಟ್ಟಿರುತ್ತಾರೆ. ಹಡಗು ಒಂದು ಪಕ್ಕಕ್ಕೆ ವಾಲಿದಾಗ ಆ ಪಕ್ಕದ ಒಡಲು ಹೆಚ್ಚು ನೀರನ್ನು ಸ್ಥಾನಪಲ್ಲಟಗೊಳಿಸುತ್ತದೆ. ಆ ನೀರಿನ ಮೇಲ್ಮುಖ ಒತ್ತಡವೇ ಹಡಗನ್ನು ಹಿಂದಕ್ಕೆ ಎತ್ತಿ ನಿಲ್ಲಿಸುತ್ತದೆ.

ಕಾಲ ಮತ್ತು ಕೋಣೆಯ ಆಯ್ಕೆ

ವಿಹಾರಕ್ಕೆ ಹೊರಡುವವರು ಮೊದಲು ನೋಡಬೇಕಾದದ್ದು ಪಂಚಾಂಗವನ್ನಲ್ಲ, ಋತುವನ್ನು. ಜೂನಿನಿಂದ ಸೆಪ್ಟೆಂಬರಿನವರೆಗೆ ನೈಋತ್ಯ ಮಾರುತವು ಅರಬ್ಬೀ ಸಮುದ್ರವನ್ನು ಕಡೆಯುತ್ತಿರುತ್ತದೆ. ಆದುದರಿಂದ ನಮ್ಮ ಪಶ್ಚಿಮ ಕರಾವಳಿಯ ವಿಹಾರಯಾನಗಳು ಮಳೆಗಾಲ ಮುಗಿದ ಮೇಲೆಯೇ ಕಳೆಕಟ್ಟುತ್ತವೆ.

ಎರಡನೆಯದು ಕೋಣೆ. ಮಕ್ಕಳು ಆಡುವ ಏರಿಳಿಯುವ ಹಲಗೆಯ ತುದಿಯಲ್ಲಿ ಕುಳಿತವರು ಹೆಚ್ಚು ಏರಿ ಇಳಿಯುತ್ತಾರೆ. ನಡುವೆ ಕುಳಿತವರು ಅಲುಗುವುದೇ ಇಲ್ಲ. ಹಡಗೂ ಹಾಗೆಯೇ. ಉದ್ದದ ನಡುಭಾಗದಲ್ಲಿ, ಕೆಳ ಅಂತಸ್ತಿನಲ್ಲಿರುವ ಕೋಣೆಯಲ್ಲಿ ಓಲಾಟ ಅತ್ಯಲ್ಪ. ಎತ್ತರದ ಕೋಣೆಯ ನೋಟ ಚೆಂದ, ಬೆಲೆ ಹೆಚ್ಚು, ತೂಗಾಟವೂ ಹೆಚ್ಚು!

ಕಡಲಬೇನೆಗೆ ಕಾರಣ ಹೊಟ್ಟೆಯಲ್ಲ, ಮಿದುಳಿಗೆ ಬರುವ ಎರಡು ವಿರುದ್ಧ ವರದಿಗಳು. ಒಳಗಿವಿಯ ಸಮತೋಲನಾಂಗವು 'ನಾವು ಚಲಿಸುತ್ತಿದ್ದೇವೆ' ಎಂದು ಹೇಳುತ್ತದೆ. ಕೋಣೆಯ ಗೋಡೆಯನ್ನು ನೋಡುವ ಕಣ್ಣು 'ಇಲ್ಲ, ನಿಂತಿದ್ದೇವೆ' ಎನ್ನುತ್ತದೆ. ಈ ವಿವಾದದ ಫಲವೇ ವಾಕರಿಕೆ. ಹೊರಗೆ ಬಂದು ದಿಗಂತವನ್ನು ನೋಡಿದರೆ ಕಣ್ಣೂ ಕಿವಿಯೂ ಒಂದೇ ಮಾತನ್ನಾಡುತ್ತವೆ, ಉಪಶಮನ ದೊರೆಯುತ್ತದೆ. ದೊಡ್ಡ ವಿಹಾರ ನೌಕೆಗಳ ಎರಡು ಪಕ್ಕಗಳಲ್ಲಿಯೂ ನೀರಿನೊಳಗೆ ಚಾಚುವ ರೆಕ್ಕೆಗಳಿರುತ್ತವೆ. ಅಲೆಯ ಹೊಡೆತಕ್ಕೆ ಎದುರಾಗಿ ಇವು ತಮ್ಮ ಕೋನವನ್ನು ಬದಲಿಸಿ, ಪಕ್ಕದಿಂದ ಪಕ್ಕಕ್ಕೆ ಹೊಯ್ದಾಡುವುದನ್ನು ಬಹುಮಟ್ಟಿಗೆ ತಗ್ಗಿಸುತ್ತವೆ.

ಎಲ್ಲರೂ ಗೊಣಗುವ ಅರ್ಧ ಗಂಟೆ

ಹಡಗನ್ನೇರಿದ ಹೊಸಬರು ಈಜುಕೊಳವನ್ನೋ ಭೋಜನಶಾಲೆಯನ್ನೋ ಹುಡುಕುತ್ತಿರುವಾಗಲೇ, ಆಪತ್ಕಾಲದ ಅಭ್ಯಾಸಕ್ಕೆ ಬನ್ನಿರೆಂಬ ಕರೆ ಬರುತ್ತದೆ. ಏಳು ಸಲ ಚಿಕ್ಕದಾಗಿ, ಒಂದು ಸಲ ದೀರ್ಘವಾಗಿ ಕೂಗು ಕೇಳಿದರೆ ಎಲ್ಲಿ ಸೇರಬೇಕು, ಜೀವರಕ್ಷಕ ಅಂಗಿಯನ್ನು ಹೇಗೆ ತೊಡಬೇಕು ಎಂಬುದನ್ನು ಅಲ್ಲಿ ಕಲಿಸುತ್ತಾರೆ. ವಿಹಾರಕ್ಕೆ ಬಂದವರಿಗೆ ಇದು ಶಾಲೆಯ ಕವಾಯತಿನಂತೆ ತೋರುವುದು ಸಹಜ.

ಆದರೆ 2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೊ ದ್ವೀಪದ ಬಳಿ ನಡೆದುದನ್ನು ನೆನೆಯಬೇಕು. 'ಕೋಸ್ಟಾ ಕಾಂಕಾರ್ಡಿಯಾ' ಎಂಬ ಭಾರಿ ವಿಹಾರ ನೌಕೆ ದಡಕ್ಕೆ ತೀರ ಸಮೀಪವಾಗಿ ಸಾಗುತ್ತ ಬಂಡೆಗೆ ತಗುಲಿತು; ಒಡಲು ಸೀಳಿ ನೀರು ನುಗ್ಗಿತು. ಹಡಗಿನಲ್ಲಿದ್ದ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ 32 ಜನರು ಪ್ರಾಣ ಕಳೆದುಕೊಂಡರು. ಅದೇ ಸಂಜೆ ಚಿವಿತಾವೆಕ್ಯಾ ಬಂದರಿನಲ್ಲಿ ಹತ್ತಿದ ನೂರಾರು ಪ್ರಯಾಣಿಕರಿಗೆ ಈ ಅಭ್ಯಾಸವಿನ್ನೂ ಆಗಿರಲಿಲ್ಲ. ಅಂದಿನ ನಿಯಮದಂತೆ ಹತ್ತಿದ 24 ಗಂಟೆಗಳೊಳಗೆ ಅದನ್ನು ನಡೆಸಿದರೆ ಸಾಕಾಗಿತ್ತು. ದುರಂತವು 24 ಗಂಟೆ ಕಾಯಲಿಲ್ಲ. 1912ರ ಟೈಟಾನಿಕ್ ದುರಂತದ ಪಾಠವಾಗಿ 1914ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ನೌಕಾಸುರಕ್ಷತಾ ಒಪ್ಪಂದವನ್ನು ಈ ಘಟನೆಯ ಬಳಿಕ ಮತ್ತೆ ತಿದ್ದಲಾಯಿತು. 2015ರಿಂದ, ಹೊಸದಾಗಿ ಹತ್ತಿದವರಿಗೆ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಅಭ್ಯಾಸ ನಡೆಯತಕ್ಕದ್ದು. ಇಡೀ ವಿಹಾರದಲ್ಲಿ ನಾವು ತಪ್ಪಿಸಿಕೊಳ್ಳಬಾರದ ಅರ್ಧ ಗಂಟೆಯೆಂದರೆ ಇದೇ.

ಯಾವ ಗಡಿಯಾರವನ್ನು ನಂಬಬೇಕು?

ಭೂಮಿ 24 ಗಂಟೆಗಳಲ್ಲಿ 360 ಡಿಗ್ರಿ ಸುತ್ತುತ್ತದೆ. ಎಂದರೆ ಒಂದು ಡಿಗ್ರಿಗೆ 4 ನಿಮಿಷ. ಭಾರತದ ಗಡಿಯಾರಗಳೆಲ್ಲ ಪೂರ್ವ ರೇಖಾಂಶ ಎಂಬತ್ತೆರಡೂವರೆ ಡಿಗ್ರಿಯ ಕಾಲವನ್ನು ತೋರಿಸುತ್ತವೆ. ಮಂಗಳೂರು ಅದಕ್ಕಿಂತ ಸುಮಾರು ಏಳೂವರೆ ಡಿಗ್ರಿ ಪಶ್ಚಿಮಕ್ಕಿರುವುದರಿಂದ ಅಲ್ಲಿ ಸೂರ್ಯನು ನೆತ್ತಿಗೇರುವಾಗ ಗಡಿಯಾರದಲ್ಲಿ ಸುಮಾರು ಹನ್ನೆರಡೂವರೆ.

ನೆಲದ ಮೇಲೆ ಇದು ಕುತೂಹಲದ ವಿಷಯ ಮಾತ್ರ. ವಿಹಾರಯಾನದಲ್ಲಿ ಇದು ಪ್ರಯಾಣವನ್ನೇ ಕೆಡಿಸಬಲ್ಲದು. ಕೊಚ್ಚಿಯಿಂದ ಮಾಲ್ಡೀವ್ಸಿನ ಮಾಲೆಗೆ ಹೋದೆವೆನ್ನೋಣ. ಮಾಲೆಯ ಕಾಲ ಭಾರತದ ಕಾಲಕ್ಕಿಂತ ಅರ್ಧ ಗಂಟೆ ಹಿಂದೆ. ಹಡಗು ತನ್ನ ಗಡಿಯಾರವನ್ನು ಬದಲಿಸದೆ ಭಾರತದ ಕಾಲವನ್ನೇ ಇಟ್ಟುಕೊಂಡು 'ಸಂಜೆ ಐದಕ್ಕೆ ಹಿಂದಿರುಗಿರಿ' ಎಂದರೆ, ಮಾಲೆಯ ಗಡಿಯಾರದಲ್ಲಿ ಆಗ ನಾಲ್ಕೂವರೆ. ಊರಿನ ಗಡಿಯಾರವನ್ನೋ, ತಾನಾಗಿಯೇ ಕಾಲ ಬದಲಿಸಿಕೊಳ್ಳುವ ಮೊಬೈಲನ್ನೋ ನಂಬಿ ಐದಕ್ಕೆ ಬಂದವನು ಅರ್ಧ ಗಂಟೆ ತಡವಾದನು. ಆದುದರಿಂದ ಇಳಿಯುವ ಮುನ್ನ ಕೈಗಡಿಯಾರವನ್ನು ಹಡಗಿನ ಕಾಲಕ್ಕೆ ಹೊಂದಿಸಿಕೊಂಡು, ಮರಳಿ ಹತ್ತುವವರೆಗೂ ಅದನ್ನು ಮುಟ್ಟದಿರುವುದೇ ಜಾಣತನ.

ಬಂದರಿನಲ್ಲಿ ಒಂದು ದಿನ

ಈಗ ಮತ್ತೆ ಮಂಗಳೂರಿಗೆ ಬರೋಣ. ನೇತ್ರಾವತಿ, ಗುರುಪುರ ನದಿಗಳ ಅಳಿವೆಯಲ್ಲಿರುವ ಹಳೆಯ ಬಂದರಿಗೆ ಮರಳ ದಿಬ್ಬ ಅಡ್ಡವಾಗಿ, ದೊಡ್ಡ ಹಡಗುಗಳು ಪ್ರವೇಶಿಸುವಂತಿರಲಿಲ್ಲ. ಆದುದರಿಂದ ಪಣಂಬೂರಿನಲ್ಲಿ ನೆಲವನ್ನು ಅಗೆದು, ಅಲೆ ತಡೆಯುವ ಗೋಡೆಗಳನ್ನು ಕಡಲಿಗೆ ಚಾಚಿ, ಕೃತಕ ರೇವನ್ನು ನಿರ್ಮಿಸಿದರು. ಈ ನವಮಂಗಳೂರು ಬಂದರು 1975ರಲ್ಲಿ ಉದ್ಘಾಟನೆಗೊಂಡಿತು.

ಹಡಗು ಬೆಳಗ್ಗೆ ಎಂಟಕ್ಕೆ ಬಂದು ಸಂಜೆ ಐದಕ್ಕೆ ಹೊರಡುವುದಾದರೆ ಕೈಗೆ ಒಂಬತ್ತು ಗಂಟೆ ಸಿಕ್ಕಿತೆಂದು ಹಿಗ್ಗಬಾರದು. ತಪಾಸಣೆ ಮುಗಿಸಿ ಇಳಿಯಲು ಒಂದು ಗಂಟೆ, ಹೊರಡುವ ಅರ್ಧ ಗಂಟೆ ಮೊದಲೇ ಹತ್ತಬೇಕೆಂಬ ನಿಯಮ, ಹಾದಿಯ ಅಡಚಣೆಗೆಂದು ಇಡಬೇಕಾದ ಒಂದೂವರೆ ಗಂಟೆ ಇವನ್ನೆಲ್ಲ ಕಳೆದರೆ ಉಳಿಯುವುದು ಆರು ಗಂಟೆ. ಇದನ್ನು ಬಳಸುವುದಕ್ಕೆ ಸರಳವಾದ ಸೂತ್ರವೊಂದಿದೆ: ದೂರದ್ದನ್ನು ಮೊದಲು ನೋಡು, ಹೊತ್ತು ಏರಿದಂತೆ ಹಡಗಿನ ಹತ್ತಿರಕ್ಕೆ ಬಾ.

ಅದರಂತೆ ಮೊದಲು ಸುಮಾರು 50 ಕಿಲೊಮೀಟರು ದೂರದ ಕಾರ್ಕಳಕ್ಕೆ ಹೋಗಿ, 1432ರಲ್ಲಿ ನಿಂತ 42 ಅಡಿ ಎತ್ತರದ ಏಕಶಿಲಾ ಗೊಮ್ಮಟನನ್ನು ನೋಡಬಹುದು. ಮರಳುವ ಹಾದಿಯಲ್ಲೇ ಮೂಡುಬಿದಿರೆಯ ಸಾವಿರ ಕಂಬದ ಬಸದಿ ಸಿಗುತ್ತದೆ. ಒಂದರಂತೆ ಮತ್ತೊಂದಿಲ್ಲದ ಆ ಕಂಬಗಳ ನಡುವೆ ನಡೆದಾಡಿ ಮಂಗಳೂರಿಗೆ ಬಂದರೆ, ವೇಳೆ ಉಳಿದಷ್ಟೂ ಲಾಭ. ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರದ ಗೋಡೆ ಮಾಡುಗಳ ಮೇಲೆ ಇಟಲಿಯ ಆಂಟೋನಿಯೊ ಮೊಸ್ಕೆನಿ ರಚಿಸಿದ ಚಿತ್ರಗಳನ್ನು ನೋಡಬಹುದು. ವೇಳೆಯಿಲ್ಲದಿದ್ದರೆ ಮನೆಗಳ ಕೆಂಪು ಹೆಂಚುಗಳನ್ನು ನೋಡಿಯೇ ತೃಪ್ತಿಪಡಬಹುದು. ನದೀತೀರದ ಜೇಡಿಯನ್ನು ಸುಟ್ಟು ಮಾಡಿದ ಈ ಹೆಂಚು ಮಂಗಳೂರಿನ ಹೆಸರನ್ನು ದೇಶದೇಶಗಳಿಗೆ ಒಯ್ದಿತು. ಇದೇ ದಿನಚರಿಯನ್ನು ತಲೆಕೆಳಗು ಮಾಡಿ, ಕಾರ್ಕಳವನ್ನು ಕೊನೆಗಿಟ್ಟುಕೊಂಡವನಿಗೆ ದಾರಿಯಲ್ಲಿ ವಾಹನ ಕೆಟ್ಟುನಿಂತರೆ ಬೇರೆ ಗತಿಯಿಲ್ಲ.

ಕಾಯದಿರುವುದರ ಗಣಿತ

ಈಗ ಮೊದಲಿನ ಪ್ರಶ್ನೆಗೆ ಮರಳೋಣ. ಮಂಗಳೂರಿನಿಂದ ಕೊಚ್ಚಿಗೆ ಸಮುದ್ರಮಾರ್ಗ ಸುಮಾರು 200 ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿಯೆಂದರೆ 1.852 ಕಿಲೊಮೀಟರು, ಗಂಟೆಗೆ ಒಂದು ನಾಟಿಕಲ್ ಮೈಲಿಯ ವೇಗಕ್ಕೆ 'ನಾಟ್' ಎಂದು ಹೆಸರು. ಹಡಗು 16 ನಾಟ್ ವೇಗದಲ್ಲಿ ಸಾಗಿದರೆ ಹನ್ನೆರಡೂವರೆ ಗಂಟೆಯಲ್ಲಿ ಕೊಚ್ಚಿ ಸೇರುತ್ತದೆ. ತಡವಾದವರಿಗಾಗಿ ಎರಡೂವರೆ ಗಂಟೆ ಕಾದಿತೆನ್ನೋಣ. ನಿಗದಿಯಾದ ವೇಳೆಗೇ ತಲುಪಬೇಕಾದರೆ ಉಳಿದ ಹತ್ತು ಗಂಟೆಯಲ್ಲಿ 200 ಮೈಲಿ ಓಡಬೇಕು. ಎಂದರೆ ವೇಗ 20 ನಾಟ್ ಆಗಬೇಕು.

ವೇಗ ಹೆಚ್ಚಿದ್ದು ಕಾಲುಪಾಲು ಮಾತ್ರ. ಆದರೆ ನೀರಿನ ತಡೆಯನ್ನು ಗೆಲ್ಲಲು ಬೇಕಾದ ಎಂಜಿನ್ ಶಕ್ತಿ, ಸ್ಥೂಲವಾಗಿ, ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಒಂದೂಕಾಲನ್ನು ಮೂರು ಸಲ ಗುಣಿಸಿದರೆ 1.95, ಶಕ್ತಿ ಹೆಚ್ಚುಕಡಮೆ ಇಮ್ಮಡಿಯಾಯಿತು! ಓಡುವ ಗಂಟೆಗಳು ಕಡಮೆಯಾದರೂ, ಆ ದೂರಕ್ಕೆ ನೂಕುವ ಇಂಧನ ಒಂದೂವರೆ ಪಟ್ಟನ್ನು ಮೀರುತ್ತದೆ. ಇದರ ಜೊತೆಗೆ, ಮುಂದಿನ ಬಂದರಿನಲ್ಲಿ ಹಡಗಿಗೆ ದಾರಿ ತೋರುವ ಪೈಲಟ್, ಎಳೆಯುವ ಟಗ್ ದೋಣಿಗಳು, ನಿಲ್ಲುವ ಸ್ಥಳ ಎಲ್ಲವೂ ಗೊತ್ತಾದ ವೇಳೆಗೆ ಕಾದಿರುತ್ತವೆ. ಆ ವೇಳೆ ತಪ್ಪಿದರೆ ಸರದಿ ಇನ್ನೊಂದು ಹಡಗಿಗೆ ಹೋಗಬಹುದು. ಹಡಗು ಕಾಯದಿರುವುದು ನಿರ್ದಯೆಯಿಂದಲ್ಲ; ಒಬ್ಬನಿಗಾಗಿ ಕಾದರೆ ಸಾವಿರಾರು ಮಂದಿಯ ನಾಳೆಯ ದಿನ ಕೆಡುತ್ತದೆ. ಉಳಿದುಹೋದವನು ಸ್ವಂತ ಖರ್ಚಿನಲ್ಲಿ ಮುಂದಿನ ಬಂದರನ್ನು ಸೇರಬೇಕಾಗುತ್ತದೆ. ಆದುದರಿಂದ ಇಳಿಯುವಾಗ ಗುರುತುಪತ್ರದ ಪ್ರತಿಯೂ, ಬಂದರಿನಲ್ಲಿರುವ ಹಡಗಿನ ಏಜೆಂಟರ ದೂರವಾಣಿ ಸಂಖ್ಯೆಯೂ ಜೇಬಿನಲ್ಲಿರಬೇಕು.

ಅತಿಥಿಯ ಧರ್ಮ

ಕೊನೆಯದಾಗಿ ಒಂದು ಮಾತು. ಬಂದರಿನ ಗಂಟೆಗಳು ನಮ್ಮವು ಮಾತ್ರವಲ್ಲ, ಆ ಊರಿನವರವೂ ಹೌದು. ಇಟಲಿಯ ವೆನಿಸಿನಲ್ಲಿ ಮಹಾನೌಕೆಗಳು ಹಳೆಯ ನಗರದ ಬಾಗಿಲಲ್ಲೇ ಹಾದುಹೋಗುತ್ತಿದ್ದುವು. ಅವು ಎಬ್ಬಿಸುವ ನೀರಿನ ಚಲನೆಯಿಂದ ಲಗೂನಿಗೂ ಕಟ್ಟಡಗಳಿಗೂ ಕೇಡೆಂಬ ಕೂಗು ಎದ್ದು, 2021ರ ಆಗಸ್ಟ್ 1ರಿಂದ ದೊಡ್ಡ ಹಡಗುಗಳನ್ನು ಆ ಮಾರ್ಗದಿಂದ ದೂರವಿಡಲಾಯಿತು. ಒಂದು ದಿನದ ಅತಿಥಿಯ ಹೆಜ್ಜೆಯೂ ಆತಿಥೇಯನ ಅಂಗಳದಲ್ಲಿ ಗುರುತು ಉಳಿಸುತ್ತದೆ ಎಂಬುದಕ್ಕೆ ಇದು ನಿದರ್ಶನ.

ಕಡಲು, ಭೂಮಿಯ ಸುತ್ತು, ನೀರಿನ ತಡೆ ಇವು ನಮ್ಮ ಅನುಕೂಲಕ್ಕಾಗಿ ತಮ್ಮ ನಿಯಮವನ್ನು ಸಡಿಲಿಸುವುದಿಲ್ಲ. ಹಡಗಿನ ವೇಳಾಪಟ್ಟಿ ಆ ನಿಯಮಗಳ ಪ್ರತಿಲಿಪಿ. ಅದನ್ನು ಅರಿತು ಹೊರಟವನಿಗೆ ಆತಂಕವಿಲ್ಲ; ಅವನು ಸಂಜೆಯ ಹೊತ್ತಿಗೆ ಮೇಲಂತಸ್ತಿನ ಕಟಾಂಜನಕ್ಕೆ ಒರಗಿ, ಪಣಂಬೂರಿನ ದೀಪಗಳು ಒಂದೊಂದಾಗಿ ನೀರಿಗಿಳಿಯುವುದನ್ನು ನೆಮ್ಮದಿಯಿಂದ ನೋಡಬಲ್ಲನು.