ಹಾಸಿಗೆ ಇದ್ದಷ್ಟು ಕಾಲು ಚಾಚಲಿ ಕಂಪ್ಯೂಟರ್!

ಮಕ್ಕಳೇ, ನಿಮ್ಮ ಮನೆಯಲ್ಲಿ ಎಂಟೊಂಬತ್ತು ವರ್ಷದ ಹಳೆಯ ಕಂಪ್ಯೂಟರ್ ಇದೆಯೇ? ಸ್ವಿಚ್ ಒತ್ತಿದರೆ, ಅಜ್ಜಿ ಕಾಫಿ ಮಾಡಿ ತರುವ ತನಕ ಕಾಯಿಸುತ್ತದೆಯೇ? ಗುಜರಿಗೆ ಹಾಕುವ ಮುನ್ನ ನನ್ನ ನಾಲ್ಕು ಮಾತು ಕೇಳಿ.

ಪೆಟ್ಟಿಗೆ, ಪರದೆ, ಕೀಲಿಮಣೆ ಎಲ್ಲ ಹಾರ್ಡ್‌ವೇರ್. ಇವನ್ನೆಲ್ಲ ದುಡಿಸುವ ಮೇಸ್ತ್ರಿಯೇ ಆಪರೇಟಿಂಗ್ ಸಿಸ್ಟಮ್. ಹತ್ತಾಳಿನ ಕೆಲಸ ಇಬ್ಬರಿಗೆ ಹೊರಿಸಿದರೆ ಸಾಗೀತೇ? ಕಂಪ್ಯೂಟರ್ ಏದುಸಿರು ಬಿಡುವುದೂ ಎಷ್ಟೋ ಸಲ ಹೀಗೆಯೇ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಕಂಪ್ಯೂಟರ್ ನಿಲ್ಲುವುದಿಲ್ಲ. ಆದರೆ ಬೇರೆಯಾಗಿ ನೋಂದಾಯಿಸಿಕೊಳ್ಳದವರಿಗೆ ಹೊಸ ಭದ್ರತಾ ದೋಷಗಳ ತೇಪೆ ಬರುವುದಿಲ್ಲ. ಪಿಂಚಣಿ ಖಾತೆಯನ್ನು ಅದರಲ್ಲೇ ನೋಡುವ ಅಜ್ಜಂದಿರೇ, ಇದು ಬಾಗಿಲ ಚಿಲಕ ಸಡಿಲವಾದಂತೆ.

ವಿಂಡೋಸ್ 11 ಹಾಕೋಣವೆಂದರೆ ಕನಿಷ್ಠ 4 ಜಿಬಿ ರ್‍ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು. 4 ಜಿಬಿಯಲ್ಲಿ ಅದು ತೆವಳುತ್ತದೆ. 8 ಇದ್ದರೆ ವಾಸಿ ಎಂಬುದು ನನ್ನ ಅನುಭವ. ಪ್ರೊಸೆಸರ್ ಕೂಡ ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸದಾಗಿರಬೇಕು.

ತಲೆಮಾರು ತಿಳಿಯುವುದು ಹೇಗೆ? ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ತೆರೆಯಿರಿ. ಅಲ್ಲಿ ಐ5-7200ಯು ಎಂದಿದ್ದರೆ ಗೆರೆಯ ಮುಂದಿನ 7 ಅಂದರೆ 7ನೇ ತಲೆಮಾರು. ಐ5-8250ಯು ಆದರೆ 8ನೆಯದು. ರ್‍ಯಾಮ್ ಎಷ್ಟೆಂಬುದೂ ಅಲ್ಲೇ ಇರುತ್ತದೆ. ಅಜ್ಜನ ಎದುರು ಓದಿ, ಕಾಗದದಲ್ಲಿ ಬರೆದಿಡಿ.

ಅಷ್ಟು ಬಲ ಇಲ್ಲದ ಕಂಪ್ಯೂಟರಿಗೆ ನಾನು ಹೇಳುವುದು ಲಿನಕ್ಸ್. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಇದರ ತಿರುಳನ್ನು ಬರೆದ. ಇದರ ಹಲವು ರೂಪಗಳು ಉಚಿತ. ಲಿನಕ್ಸ್ ಮಿಂಟ್‌ಗೆ 2 ಜಿಬಿ ರ್‍ಯಾಮ್ ಸಾಕು, 4 ಇದ್ದರೆ ಹಿತ; ಜಾಗ 20 ಜಿಬಿ. ಇನ್ನೂ ಹಗುರ ಬೇಕಾದರೆ ಲುಬುಂಟು ಇದೆ.

ಇದರ ದೊಡ್ಡ ಗುಣವೆಂದರೆ, ಹಾಕುವ ಮೊದಲೇ ಪೆನ್‌ಡ್ರೈವ್‌ನಿಂದ ನಡೆಸಿ ನೋಡಬಹುದು. ವೈಫೈ ಸಿಗುತ್ತದೆಯೇ? ಪ್ರಿಂಟರ್ ಮಾತು ಕೇಳುತ್ತದೆಯೇ? ಕನ್ನಡ ಟೈಪ್ ಆಗುತ್ತದೆಯೇ? ಎಲ್ಲ ಪರೀಕ್ಷಿಸಿ. ಇಷ್ಟವಾಗದಿದ್ದರೆ ಪೆನ್‌ಡ್ರೈವ್ ತೆಗೆದು ಮತ್ತೆ ಆನ್ ಮಾಡಿ, ಹಳೆಯದು ಹಾಗೇ ಇರುತ್ತದೆ.

ಒಪ್ಪಿಗೆಯಾಯಿತೇ? ಮೊದಲು ಮದುವೆ, ನಾಮಕರಣದ ಫೋಟೋಗಳನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿ, ತೆರೆದು ನೋಡಿ. ಇಡೀ ಡಿಸ್ಕ್ ಅಳಿಸಿ ಹೊಸದನ್ನು ಹಾಕಿದರೆ ಒಳಗಿದ್ದದ್ದೆಲ್ಲ ಹೋಗುತ್ತದೆ. ದೊಡ್ಡವರು ಪಕ್ಕದಲ್ಲಿರಲಿ.

ಅಪ್ಪನ ಲೆಕ್ಕದ ತಂತ್ರಾಂಶ ವಿಂಡೋಸಿನಲ್ಲಿ ಮಾತ್ರ ನಡೆಯುವುದಾದರೆ ಲಿನಕ್ಸಿಗೆ ಆತುರಪಡಬೇಡಿ. ಪತ್ರ ಬರೆಯಲು, ಪಾಠ ನೋಡಲು, ದೂರದ ಮೊಮ್ಮಕ್ಕಳ ಮುಖ ಕಾಣಲು ಮಾತ್ರವಾದರೆ ಆ ಹಳೆಯ ಪೆಟ್ಟಿಗೆ ಇನ್ನೂ ಕೆಲವು ವರ್ಷ ಮನೆಯಲ್ಲೇ ದುಡಿದೀತು.